ಗಟ್ಟಿ ನಾಳದ ಮೂಡಲಗಿರಿಯಪ್ಪ

ಮೂಡಲಗಿರಿಯಪ್ಪ ಹೆಡ್ ಗುಮಾಸ್ತನಾದ ದಿನದಿಂದ ನಡೆಯುವುದನ್ನು ಬಿಟ್ಟ.

ಇದು ಎಪ್ಪತ್ತೆಂಟನೆಯ ಇಸವಿಯ ಮಾತು. ಮಧುಗಿರಿಯ ಒಂದು ಬೀಜ-ಗೊಬ್ಬರದ ಸಂಘದಲ್ಲಿ ಹದಿನೆಂಟು ವರ್ಷ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದವನಿಗೆ ಹೊಸ ಹುದ್ದೆಯ ಜೊತೆಗೆ ಕೈಯಿರುವ ಬೆತ್ತದ ಕುರ್ಚಿಯೊಂದು, ಮೇಜಿನ ಮೇಲೆ ಗಂಟೆಯೊಂದು ಬಂದವು. ಗಂಟೆ ಕುಟ್ಟಿದರೆ ಫೈಲು ಬರುತ್ತಿತ್ತು, ನೀರು ಬರುತ್ತಿತ್ತು, ಎಲೆ ಅಡಿಕೆ ಬರುತ್ತಿತ್ತು. ಲೋಕವೆಲ್ಲ ತಾನಿದ್ದಲ್ಲಿಗೇ ನಡೆದು ಬರುವಾಗ ತಾನೇಕೆ ಲೋಕದ ಕಡೆಗೆ ನಡೆಯಬೇಕೆಂದು ಅವನಿಗೆ ತೋರಿತು. ಮನೆಯಿಂದ ಸಂಘಕ್ಕೆ ಮೂರೇ ಫರ್ಲಾಂಗು. ಅಷ್ಟಕ್ಕೂ ಬಾಷು ಸಾಬಿಯ ಜಟಕಾ ಗೊತ್ತುಮಾಡಿಕೊಂಡ. ಎದುರುಮನೆಯ ಕದಿರಯ್ಯನ ಜೊತೆ ಮಾತಾಡಬೇಕೆನಿಸಿದರೆ ಕಿಟಕಿಯಿಂದ ಕೂಗಿ ಕದಿರಯ್ಯನನ್ನೇ ಕರೆಸಿಕೊಳ್ಳುತ್ತಿದ್ದ. ನಡುವೆ ಇದ್ದದ್ದು ಹದಿನೈದು ಅಡಿ ಬೀದಿ ಮತ್ತು ಒಂದು ಮೋರಿ.

ಹೀಗೆ ಎರಡು ವರ್ಷ ಕಳೆದ ಮೇಲೆ, ಊರಿನ ಶಾಲೆಯೊಂದರಲ್ಲಿ ನೌಕರರಿಗೆಂದು ಆರೋಗ್ಯ ತಪಾಸಣೆಯ ಶಿಬಿರ ನಡೆಯಿತು. ತುಮಕೂರಿನಿಂದ ದಪ್ಪ ಕನ್ನಡಕದ ಡಾಕ್ಟರೊಬ್ಬರು ಬಂದಿದ್ದರು. ಅವರು ಮೂಡಲಗಿರಿಯಪ್ಪನ ಮೊಣಕೈ ಮಡಿಕೆಯಲ್ಲಿ ಎರಡು ಬೆರಳಿಟ್ಟು ಒತ್ತಿದರು. ಏನೋ ಸಂಶಯ ಬಂದವರಂತೆ ಮತ್ತೆ ಒತ್ತಿದರು. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಪಾದರಸ ಏರಿದ್ದನ್ನು ನೋಡಿದರು. ಪಾದರಸದ ಜೊತೆಗೆ ಅವರ ಹುಬ್ಬೂ ಮೇಲೇರಿತು.

“ವಯಸ್ಸೆಷ್ಟ್ರೀ?”

“ನಲವತ್ತಾರು ಸಾರ್.”

“ನಲವತ್ತಾರಕ್ಕೇ ಇಷ್ಟು ಗಟ್ಟಿಯಾದ ರಕ್ತನಾಳಾನ ನಾನು ನೋಡೇ ಇಲ್ಲ! ನಡೆಯೋ ಅಭ್ಯಾಸ ಇದೆಯಾ?”

“ಒಂದು ಹೆಜ್ಜೆನೂ ಇಲ್ಲ ಸಾರ್,” ಎಂದ ಮೂಡಲಗಿರಿಯಪ್ಪ, ಎದೆಯುಬ್ಬಿಸಿ.

“ಅದಕ್ಕೇ ನೋಡಿ ಹೀಗಾಗಿರೋದು. ಪ್ರತಿ ಸೋಮವಾರ ನಾನು ಈ ಊರಿಗೆ ಬರ್ತೀನಿ. ತಪ್ಪದೆ ಬಂದು ಕಾಣಿ. ಇದನ್ನ ಹೀಗೇ ಬಿಡೋ ಹಾಗಿಲ್ಲ.”

ಡಾಕ್ಟರು ಇನ್ನೂ ಏನೋ ಹೇಳಲಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ವಾಲಗ ಶುರುವಾಯಿತು. ಮುಖ್ಯ ಅತಿಥಿಗಳು ಬಂದರೆಂದು ಯಾರೋ ಡಾಕ್ಟರ ರಟ್ಟೆ ಹಿಡಿದು ವೇದಿಕೆಗೆ ಎಳೆದೊಯ್ದರು. ಅವರ ಮುಂದಿನ ಮಾತು ಹಾರದ ಸೇವಂತಿಗೆಯೊಳಗೆ ಹೂತುಹೋಯಿತು.

ಅದು ಹೂತುಹೋದದ್ದರಿಂದಲೇ ಈ ಕಥೆ ನಡೆಯಿತು.

ಮನೆಗೆ ಬಂದವನೇ ಮೂಡಲಗಿರಿಯಪ್ಪ ಹೆಂಡತಿ ಸರಸಮ್ಮನನ್ನು ಕರೆದ. ಕಿಟಕಿಯಿಂದ ಕದಿರಯ್ಯನನ್ನೂ ಕರೆದ. ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು, “ತುಮಕೂರು ಡಾಕ್ಟ್ರು ಬೆಚ್ಚಿಬಿದ್ದುಬುಟ್ರು ಕಣ್ರೀ,” ಎಂದ. “ಇಷ್ಟು ಗಟ್ಟಿಯಾದ ರಕ್ತನಾಳ ಅವರ ಸರ್ವೀಸ್ನಲ್ಲೇ ನೋಡಿಲ್ವಂತೆ. ಇದನ್ನ ಹೀಗೇ ಬಿಡಬಾರ್ದು ಅಂತಾನೂ ಅಂದ್ರು. ಪೇಪರ್‌ನಲ್ಲಿ ಹಾಕಿಸ್ತಾರೋ ಏನೋ.”

ಸರಸಮ್ಮ ಎರಡೂ ಕೈ ಕೆನ್ನೆಗಿಟ್ಟುಕೊಂಡಳು. ಕದಿರಯ್ಯ ಮೊಣಕೈ ಒತ್ತಿ ನೋಡಿದ. ನಿಜಕ್ಕೂ ಒಳಗೆ ಹಗ್ಗದಂಥದ್ದೇನೋ ಸಿಕ್ಕಿತು. ತನ್ನದನ್ನು ಒತ್ತಿಕೊಂಡ. ಏನೂ ಸಿಗಲಿಲ್ಲ. ಅವನ ಮುಖ ಬಿಳಿಚಿತು.

“ಇಂಥ ಗಟ್ಟಿ ಹೆಂಗೆ ಬಂತು ಮೂಡಲಗಿರಿಯಪ್ನೋರೇ?”

“ಅದನ್ನೇ ಡಾಕ್ಟ್ರು ಕೇಳಿದ್ರು. ನಡಿಯಲ್ಲ ಸಾರ್ ಅಂದೆ. ಅದಕ್ಕೇ ಹೀಗಾಗಿರೋದು ಅಂದ್ರು.”

ಕದಿರಯ್ಯ ಗೋಡೆ ಹಿಡಿದುಕೊಂಡ. ಅವನು ರಿಟೈರಾದ ಅಂಚೆಪೇದೆ. ಹೆಗಲ ಚೀಲ ಹೊತ್ತು ದಿನಕ್ಕೆ ಎಂಟು ಮೈಲಿಯಂತೆ ಮೂವತ್ತೊಂದು ವರ್ಷ ನಡೆದವನು. “ಅಯ್ಯೋ ಶಿವನೇ, ಮೂವತ್ತೊಂದು ವರ್ಷ! ಇದ್ದಬದ್ದ ಗಟ್ಟಿಯೆಲ್ಲಾ ಕಂಡೋರ ಕಾಗ್ದ ಹಂಚಿ ಸವೆಸ್ಬುಟ್ನಲ್ಲಾ!” ಎಂದು ಅಲ್ಲೇ ಕುಸಿದು ಕೂತ. ಅಂದಿನಿಂದ ಸಂಜೆ ಬೆಟ್ಟದ ಬುಡದವರೆಗೆ ತಿರುಗಾಡುವುದನ್ನು ನಿಲ್ಲಿಸಿದ.

ಸುದ್ದಿಗೆ ಮಾತ್ರ ನಡೆಯುವ ಅಭ್ಯಾಸ ಚೆನ್ನಾಗಿತ್ತು. ಮೂರು ದಿನದಲ್ಲಿ ಅದು ಕೊರಟಗೆರೆ ಮುಟ್ಟಿ ಸಿರಾಕ್ಕೂ ಹೋಯಿತು. ಬಿತ್ತನೆಬೀಜಕ್ಕೆ ಬಂದ ರೈತರು ಮೊದಲು ಹೆಡ್ ಗುಮಾಸ್ತನ ಮೊಣಕೈ ಮುಟ್ಟಿ, ಆಮೇಲೆ ಶೇಂಗಾದ ವಿಚಾರ ಎತ್ತತೊಡಗಿದರು. ಚನ್ನರಾಯನದುರ್ಗದ ಬೈಲಪ್ಪನೆಂಬ ರೈತ ಕಣ್ಣುಮುಚ್ಚಿ ಒತ್ತಿ, “ಕಲ್ಲು ಕಣಣ್ಣ! ನಮ್ಮ ದುರ್ಗದ ಕಲ್ಲೇ ಇಂಗಿರೋದು!” ಎಂದು ಅಂಗಳದಲ್ಲಿದ್ದವರನ್ನೂ ಕರೆದು ಮುಟ್ಟಿಸಿದ. ಬಾಷು ಸಾಬಿಯ ಜಟಕಾಕ್ಕೆ ಬೀದಿಯಿಡೀ ಗಿರಾಕಿ ಹೆಚ್ಚಿದರು. ನಲ್ಲಿಗೆ ಹೋಗುವ ಹೆಂಗಸರು ಕೂಡ ನೀನು ಹೋಗು, ನೀನೇ ಹೋಗು ಎಂದು ಜಗಳ ಕಾಯತೊಡಗಿದರು.

ಸೋಮವಾರ ಡಾಕ್ಟರ ಹತ್ತಿರ ಹೋಗಲು ಮಾತ್ರ ಮೂಡಲಗಿರಿಯಪ್ಪ ಒಪ್ಪಲಿಲ್ಲ. ತನ್ನ ಹೆಚ್ಚುಗಾರಿಕೆಯನ್ನು ತಾನೇ ಹೊತ್ತುಕೊಂಡು ಹೋಗಿ ತೋರಿಸುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದ. ಈಚೆಗೆ ಸಂಘದ ನಾಲ್ಕು ಮೆಟ್ಟಿಲು ಹತ್ತಿದರೆ ಮೀನಖಂಡ ಹಿಡಿದುಕೊಂಡು ನೋಯುತ್ತಿತ್ತು. “ಗಟ್ಟಿತನ ಕಾಲಿಗೂ ಇಳೀತಾ ಇದೆ,” ಎಂದು ಅದಕ್ಕೂ ಸಂತೋಷಪಟ್ಟ.

ಇಷ್ಟರಲ್ಲಿ ಅವನ ತಾಯಿ ಈರಕ್ಕ ಬಂದಳು.

ಈರಕ್ಕನಿಗೆ ಎಪ್ಪತ್ತೆರಡು. ಪಾವಗಡ ಸೀಮೆಯ ನಿಡುಗಲ್ ಬೆಟ್ಟದ ಕೆಳಗಿನ ಹಟ್ಟಿಯಲ್ಲಿ ಮಗಳು ಭೀಮಕ್ಕನ ಜೊತೆ ಇದ್ದು, ಹೊತ್ತು ಹುಟ್ಟಿದಾಗ ಆಡು ಹೊಡೆದುಕೊಂಡು ಬೆಟ್ಟ ಹತ್ತಿದರೆ ಹೊತ್ತು ಮುಳುಗುವಾಗ ಇಳಿಯುವವಳು. ಮಗನನ್ನು ನೋಡಲು ಬಸ್ಸಿನಲ್ಲಿ ಹೊರಟವಳು, ಬಸ್ಸಿನೊಳಗೆ ಸೆಕೆಯೆಂದು ನಾಲ್ಕು ಮೈಲಿ ಮೊದಲೇ ಇಳಿದು ನಡೆದೇ ಬಂದಿದ್ದಳು. ಹಿಮ್ಮಡಿಯಲ್ಲಿ ಹಳೆಯ ಜಾಲಿಮುಳ್ಳೊಂದು ಮುರಿದು ಕೂತಿತ್ತು. ಅದನ್ನು ತೆಗೆಸಲು ಸರಸಮ್ಮ ಅತ್ತೆಯನ್ನು ಸೋಮವಾರ ಅದೇ ಡಾಕ್ಟರ ಬಳಿಗೆ ಕರೆದೊಯ್ದಳು.

ಮುಳ್ಳು ತೆಗೆದ ಡಾಕ್ಟರು ಮುದುಕಿಯಲ್ಲವೇ ಎಂದು ತೋಳಿಗೆ ಪಟ್ಟಿ ಸುತ್ತಿ ನೋಡಿದರು. ಮೊಣಕೈ ಒತ್ತಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಎಪ್ಪತ್ತೆರಡು ಅಂದ್ರಾ? ರಕ್ತನಾಳ ಎಳೇ ಹುಡುಗೀದರ ಹಾಗೆ ಮೆತ್ತಗಿದೆಯಲ್ರೀ! ದಿನಾ ನಡೀತೀಯಾ ಅಜ್ಜಿ?”

“ನಡೀದೆ ಏನ್ ಮಾಡ್ಲಿ ಸ್ವಾಮಿ? ಆಡು ನಿಂತ ಕಡೆ ನಿಂತಾವಾ?”

“ಅದಕ್ಕೇ ಇಷ್ಟು ಮೆತ್ತಗಿರೋದು!” ಎಂದು ಡಾಕ್ಟರು ನಕ್ಕು ಮುಂದಿನವರನ್ನು ಕರೆದರು.

ಸರಸಮ್ಮನಿಗೆ ಅದು ಕೈಬಿಟ್ಟವರ ನಗುವಿನಂತೆ ಕೇಳಿಸಿತು. ಅವಳಿಗೆ ಕಣ್ಣು ಕತ್ತಲೆ ಬಂದಿತ್ತು. ಅತ್ತೆಯನ್ನು ಎರಡೂ ಕೈಯಿಂದ ಹಿಡಿದು, ಒಡೆಯುವ ಗಾಜಿನಂತೆ ಬಾಷು ಸಾಬಿಯ ಜಟಕಾಕ್ಕೆ ಏರಿಸಿದಳು. “ಇದ್ಯಾಕೆ ತಾಯಿ, ಮುಳ್ಳು ಹೋಯ್ತಲ್ಲ?” ಎಂದು ಈರಕ್ಕ ಕೇಳಿದ್ದಕ್ಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಸಂಘಕ್ಕೇ ಬಂದ ಸರಸಮ್ಮನಿಂದ ಸುದ್ದಿ ಕೇಳಿದ ಮೂಡಲಗಿರಿಯಪ್ಪ ಬೆತ್ತದ ಕುರ್ಚಿಯಿಂದ ಎದ್ದುನಿಂತ. ಎರಡು ವರ್ಷದಲ್ಲಿ ಆಫೀಸಿನ ಹೊತ್ತಿನಲ್ಲಿ ಅವನು ಎದ್ದು ನಿಂತದ್ದು ಅದೇ ಮೊದಲು.

“ಮೆತ್ತಗಾಗಿದೆಯಾ? ನಮ್ಮವ್ವಂದಾ?”

“ಎಳೇ ಮಕ್ಕಳ ಥರಾ ಆಗ್ಬುಟ್ಟಿದೆಯಂತೆ. ನಡೆದೂ ನಡೆದೂ ಹೀಗಾಗಿರೋದಂತೆ. ಡಾಕ್ಟ್ರು ಕೈಬಿಟ್ಟು ನಕ್ಕುಬಿಟ್ರು ಕಣ್ರೀ!”

ಮಗನ ಮನಸ್ಸು ಕರಗಿ ನೀರಾಯಿತು. ತಾನು ಕಲ್ಲಿನಂತೆ ಕೂತಿರುವಾಗ ಹೆತ್ತವಳು ಬೆಣ್ಣೆಯಾಗಿ ಹೋಗುತ್ತಿದ್ದಾಳೆ! ಆ ಕ್ಷಣವೇ ಅಪ್ಪಣೆ ಮಾಡಿದ: ಅವ್ವ ಇನ್ನು ಮಂಚದಿಂದ ಇಳಿಯಕೂಡದು. ಕೂತು ಕೂತೇ ಗಟ್ಟಿಯಾಗಬೇಕು.

ಈರಕ್ಕನನ್ನು ನಡುಮನೆಯ ಮಂಚದ ಮೇಲೆ ಮೂರು ದಿಂಬು ಆನಿಸಿ ಕೂರಿಸಿದರು. ಬಚ್ಚಲಿಗೆ ಹೋಗಬೇಕಾದರೂ ಆಚೆಗೊಬ್ಬರು ಈಚೆಗೊಬ್ಬರು. ಅವಳು, “ಲೇ ಮೂಡ್ಲ, ನಂಗೇನಾಗದೆ ಕಣ್ಲಾ? ಬುಡ್ಲಾ, ಆಡು ಕಾಯೋರಿಲ್ಲ,” ಎಂದರೆ ಮಗ ಕಣ್ಣೊರೆಸಿಕೊಂಡು, “ಏನೂ ಆಗಿಲ್ಲ ಕಣವ್ವ, ಧೈರ್ಯವಾಗಿರು,” ಎನ್ನುತ್ತಿದ್ದ. ಹೀಗೆ ಹೇಳಿದ ಮೇಲೆ ಯಾವ ಮನುಷ್ಯನಿಗೆ ಧೈರ್ಯ ಉಳಿದೀತು? ಈರಕ್ಕನಿಗೆ ಮೊದಲ ಬಾರಿಗೆ ಹೆದರಿಕೆಯಾಯಿತು.

ನೆಂಟರು ಬರತೊಡಗಿದರು. ಕೊರಟಗೆರೆಯಿಂದ ಸರಸಮ್ಮನ ಅಣ್ಣ ಗಂಗಯ್ಯ ಗೊರವನಹಳ್ಳಿಯ ಕುಂಕುಮ ಪ್ರಸಾದ ತಂದ. ಸಿರಾದ ಚಿಕ್ಕಮ್ಮ ಬ್ರೆಡ್ಡು ತಂದಳು. ಭೀಮಕ್ಕ ಹಟ್ಟಿಯ ಆಡುಗಳನ್ನೆಲ್ಲ ನೆರೆಯವರಿಗೆ ಒಪ್ಪಿಸಿ, ಬೀದಿಯ ತಿರುವಿನಿಂದಲೇ ರಾಗ ತೆಗೆದುಕೊಂಡು ಬಂದಳು.

“ಅಯ್ಯೋ ದೇವುಡಾ! ನಮ್ಮವ್ವನ ನರ ಎಲ್ಲಾ ಮೆತ್ತಗಾಗೋದ್ವಂತಲ್ಲಪ್ಪೋ! ಬೆಟ್ಟ ಹತ್ತಬ್ಯಾಡವೇ ಅಂದ್ರೆ ಕೇಳಿದ್ಯಾ?”

“ನೀನ್ಯಾವತ್ತೇ ಅಂದಿದ್ದೆ ಹತ್ತಬ್ಯಾಡ ಅಂತ?” ಎಂದಳು ಈರಕ್ಕ ದಿಂಬಿನ ನಡುವಿನಿಂದ.

“ಈಗ ಅಂತೀನಲ್ಲ ನಮ್ಮವ್ವಾ!”

ಎಲ್ಲರೂ ಒಬ್ಬೊಬ್ಬರಾಗಿ ಬಂದು ಮುದುಕಿಯ ಮೊಣಕೈ ಒತ್ತುತ್ತಿದ್ದರು, ‘ಚ್ಚ್ ಚ್ಚ್’ ಎನ್ನುತ್ತಿದ್ದರು. ಆಮೇಲೆ ಮಗನ ಮೊಣಕೈ ಒತ್ತಿ ಸಮಾಧಾನ ಮಾಡಿಕೊಳ್ಳುತ್ತಿದ್ದರು. ಕದಿರಯ್ಯ ಮಾತ್ರ ಮುದುಕಿಯದನ್ನೂ ತನ್ನದನ್ನೂ ಹೋಲಿಸಿ ನೋಡಿ ಎರಡು ಹೊತ್ತು ಊಟ ಬಿಟ್ಟ.

ಮೂರು ವಾರವಾಯಿತು. ಈರಕ್ಕನ ಪಾದಗಳು ಊದಿಕೊಂಡವು. ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಲಗಿದರೆ ನಿದ್ದೆಯಿಲ್ಲ, ಕೂತರೆ ಉಸ್ಸೆನ್ನುವಳು. ಮನೆಯವರೆಲ್ಲ, “ಗಟ್ಟಿಯಾಗೋಕೆ ಮುಂಚೆ ಹಿಂಗೆಲ್ಲ ಆಗುತ್ತೆ,” ಎಂದುಕೊಂಡರು. ಆದರೆ ಮೂಡಲಗಿರಿಯಪ್ಪನಿಗೆ ಒಳಗೊಳಗೇ ದಿಗಿಲು ಹುಟ್ಟಿತು. ಬೆಟ್ಟದಿಂದ ಬಂದಾಗ ಕರಿಕಲ್ಲಿನಂತೆ ಮಿಂಚುತ್ತಿದ್ದ ತಾಯಿಯ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

ನಾಲ್ಕನೆಯ ಸೋಮವಾರ ಬೆಳಗ್ಗೆ ಎಂಟು ಗಂಟೆಗೆ ಸರಸಮ್ಮ ಕಿಟಾರನೆ ಕಿರುಚಿದಳು. ಮಂಚದ ಮೇಲೆ ಮೂರು ದಿಂಬಿದ್ದವು. ಈರಕ್ಕ ಇರಲಿಲ್ಲ.

ಭೀಮಕ್ಕ ಬಾವಿಯ ಕಡೆ ಓಡಿದಳು. ಸರಸಮ್ಮ ದೇವರ ಮುಂದೆ ಕೂತಳು. ಕದಿರಯ್ಯ ತನ್ನ ಕಿಟಕಿಯಿಂದ ಕೂಗಿದ: “ಆಗ್ಲೇ ಪಾವಗಡದ ರಸ್ತೆ ಕಡೆ ಹೋದ್ರು! ಕೈಯಾಗೆ ಕೋಲಿತ್ತು!”

“ನೀವು ತಡೀಬಾರ್ದಿತ್ತೇನ್ರೀ?” ಎಂದ ಮೂಡಲಗಿರಿಯಪ್ಪ.

“ಹೆಂಗೆ ತಡೀಲಿ? ನಾನು ನಡೆಯೋ ಹಾಗಿಲ್ವಲ್ಲ!”

ಮೂಡಲಗಿರಿಯಪ್ಪ ಬಾಷು ಸಾಬಿಯ ಜಟಕಾ ಹತ್ತಿ ಕುದುರೆಯನ್ನು ಓಡಿಸಲು ಹೇಳಿದ. ಊರು ದಾಟಿ ಎರಡನೆಯ ಮೈಲಿಗಲ್ಲಿನ ಆಚೆ, ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಕೋಲು ಊರದೆ ಹೆಗಲ ಮೇಲಿಟ್ಟುಕೊಂಡು ಹೋಗುತ್ತಿದ್ದ ತಾಯಿ ಕಂಡಳು. ಊದಿದ ಪಾದಗಳು ರಸ್ತೆಯ ಮೇಲೆ ಟಪಟಪನೆ ಬೀಳುತ್ತಿದ್ದವು.

“ಅವ್ವಾ! ನಿಂತ್ಕೊ! ನಿನ್ನ ಪ್ರಾಣ ಹೋಗುತ್ತೆ!”

“ಹೋದ್ರೆ ನಮ್ಮ ಬೆಟ್ಟದಾಗೆ ಹೋಗ್ಲಿ ಕಣ್ಲಾ. ಆ ದಿಂಬಿನ ಮ್ಯಾಗೆ ಬ್ಯಾಡ.”

“ಜಟಕಾ ಹತ್ತವ್ವಾ, ಮಾತಾಡಾಣ.”

“ಮಾತಾಡೋನು ನೀನು, ನಾನಲ್ಲ. ನೀನೇ ಇಳಿ.”

ಬಾಷು ಸಾಬಿಗೆ ಒಂಬತ್ತು ಗಂಟೆಗೆ ಮದುವೆಯ ದಿಬ್ಬಣ ಕರೆದೊಯ್ಯುವುದಿತ್ತು. “ದೇರ್ ಆಗೋಯ್ತು ಸಾಹೇಬ್ರೇ,” ಎಂದು ಅವನು ಹೆಡ್ ಗುಮಾಸ್ತನನ್ನು ಇಳಿಸಿ ಕುದುರೆ ತಿರುಗಿಸಿಕೊಂಡು ಹೋಗಿಯೇಬಿಟ್ಟ. ಈರಕ್ಕ ನಿಲ್ಲಲಿಲ್ಲ. ಬೇರೆ ದಾರಿಯಿಲ್ಲದೆ, ಎರಡು ವರ್ಷಗಳ ನಂತರ, ಮೂಡಲಗಿರಿಯಪ್ಪ ನಡೆದ.

ನಡೆಯುತ್ತಲೇ ಬೇಡಿದ, ಗದರಿದ, ಸತ್ತ ತಂದೆ ಓಬಳಪ್ಪನ ಆಣೆಯಿಟ್ಟ. ಒಂದು ಫರ್ಲಾಂಗಿಗೆ ಆಣೆಗಳು ಮುಗಿದವು. ಎರಡು ಫರ್ಲಾಂಗಿಗೆ ಮೀನಖಂಡ ಹಗ್ಗ ಹೊಸೆದಂತೆ ಬಿಗಿಯಿತು. ಮುಂದೆ ಸಣ್ಣದೊಂದು ಏರು. ಅದರ ಅರ್ಧಕ್ಕೆ ಎದೆಯ ಮೇಲೆ ಯಾರೋ ಗೊಬ್ಬರದ ಮೂಟೆ ಇಟ್ಟಂತಾಯಿತು. ಬೆವರು ಧಾರೆಯಾಗಿ ಇಳಿಯಿತು.

“ಅವ್ವಾ...” ಎಂದ. ಈ ಸಲ ಅದು ಕರೆದದ್ದಲ್ಲ.

ಈರಕ್ಕ ತಿರುಗಿ ನೋಡಿದಳು. ಮಗ ರಸ್ತೆಯ ಪಕ್ಕದಲ್ಲಿ ಕುಸಿದು, ಎದೆ ಹಿಡಿದು, ಬಾಯಿ ಬಿಡುತ್ತಿದ್ದ. ಗಟ್ಟಿ ಎಂದು ಊರೆಲ್ಲ ಮುಟ್ಟಿ ನೋಡಿದ ಮಗ ಇವನೇನಾ? ಮರುಗಳಿಗೆಯೇ ಕೋಲು ಎಸೆದು ಓಡಿ ಬಂದಳು. ರಸ್ತೆ ಎರಡೂ ಕಡೆ ಖಾಲಿ. ಮಂದೆಯಲ್ಲಿ ಬಿದ್ದ ಆಡನ್ನು ಹೊರುವ ಹಾಗೆ ಅವನ ಒಂದು ತೋಳನ್ನು ತನ್ನ ಕುತ್ತಿಗೆಗೆ ಸುತ್ತಿಕೊಂಡು, ಸೊಂಟ ಹಿಡಿದು ಎತ್ತಿ, ಅರ್ಧ ಹೊತ್ತು ಅರ್ಧ ಎಳೆದು ಬಂದ ದಾರಿಯಲ್ಲೇ ಹೊರಟಳು. ಹುಣಸೆಮರವೊಂದರ ಹತ್ತಿರ ಎತ್ತಿನಗಾಡಿ ಎದುರಾಯಿತು. ಗಾಡಿಯವನು ಬೈಲಪ್ಪ, ಚನ್ನರಾಯನದುರ್ಗದವನು, ನೆಂಟರ ಮನೆಗೆ ಹೊರಟಿದ್ದ. ಎಪ್ಪತ್ತೆರಡರ ಮುದುಕಿ ನಲವತ್ತಾರರ ಹೆಡ್ ಗುಮಾಸ್ತನನ್ನು ಹೊತ್ತು ಬರುವುದನ್ನು ನೋಡಿ ಅವನ ಕೈಯಿಂದ ಹಗ್ಗ ಜಾರಿತು.

“ಅಜ್ಜಿ! ಇದೇನಜ್ಜಿ! ನಿನ್ನ ನರ ಮೆತ್ತಗಲ್ವಾ?”

“ನರ ಆಮ್ಯಾಕ್ ನೋಡಿವಂತೆ, ಮೊದ್ಲು ಗಾಡಿ ತಿರುಗ್ಸಲಾ!”

ಡಾಕ್ಟರು ಆಗಷ್ಟೇ ಬಂದಿದ್ದರು. ಮೂಡಲಗಿರಿಯಪ್ಪನ ನಾಲಿಗೆಯ ಕೆಳಗೆ ಮಾತ್ರೆ ಇಟ್ಟು, ಸೂಜಿ ಚುಚ್ಚಿ, ಮಲಗಿಸಿದರು. ಬಹಳ ಹೊತ್ತಿನ ಮೇಲೆ ಎದೆಯ ಮೂಟೆ ಇಳಿಯಿತು. ಅವನು ಕಣ್ಣುಬಿಟ್ಟಾಗ ಹೆಂಡತಿ, ತಂಗಿ, ಜಟಕಾದಲ್ಲಿ ಬಂದಿಳಿದ ಕದಿರಯ್ಯ, ಎಲ್ಲರೂ ಸುತ್ತ ನಿಂತಿದ್ದರು.

“ನಿಮ್ಮ ನೆನಪಿದೆ,” ಎಂದರು ಡಾಕ್ಟರು. ಅವರ ಧ್ವನಿಯಲ್ಲಿ ಸಿಟ್ಟಿತ್ತು. “ತಪ್ಪದೆ ಬಂದು ಕಾಣಿ ಅಂದಿದ್ದೆ. ರಕ್ತನಾಳ ಗಟ್ಟಿಯಾಗಿದೆ ಅಂತ ಅವತ್ತೇ ಹೇಳಿದ್ದೆ!”

“ಹೌದು ಸಾರ್. ಅದೇ ಧೈರ್ಯದ ಮೇಲೆ ಇದ್ದೆ.”

“ಧೈರ್ಯ?”

“ಅಷ್ಟು ಗಟ್ಟಿ ಇರೋನಿಗೆ ಏನಾಗುತ್ತೆ ಅಂತ...”

ಡಾಕ್ಟರು ಕುತ್ತಿಗೆಯಲ್ಲಿದ್ದ ಸ್ಟೆತಾಸ್ಕೋಪು ತೆಗೆದು ಮೇಜಿನ ಮೇಲಿಟ್ಟರು. ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು. ಯಾರೂ ತಮಾಷೆ ಮಾಡುತ್ತಿರಲಿಲ್ಲ.

“ರೀ, ಸೈಕಲ್ ಟ್ಯೂಬು ಹೊಸದಿದ್ದಾಗ ಹೇಗಿರುತ್ತೆ?”

“ಮೆತ್ತಗೆ,” ಎಂದ ಕದಿರಯ್ಯ.

“ಹಳೇದಾಗಿ ಮೂಲೇಲಿ ಬಿದ್ದಿದ್ರೆ?”

“ಗಟ್ಟಿಯಾಗಿ... ಬಿರುಕು... ಅಯ್ಯಯ್ಯೋ!”

“ರಕ್ತನಾಳವೂ ಹಾಗೇ. ಹೃದಯ ರಕ್ತ ತಳ್ಳಿದಾಗ ಅದು ಹಿಗ್ಗಬೇಕು, ಆಮೇಲೆ ಕುಗ್ಗಬೇಕು. ದಿನಾ ನಡೆಯೋರಿಗೆ ಅದು ಮೆತ್ತಗೇ ಉಳಿಯುತ್ತೆ. ಕೂತಲ್ಲೇ ಕೂತೋರಿಗೆ ಬೇಗ ಗಟ್ಟಿಯಾಗುತ್ತೆ. ಗಟ್ಟಿಯಾದ್ರೆ ಒತ್ತಡ ಏರುತ್ತೆ, ದಾರಿ ಕಿರಿದಾಗುತ್ತೆ, ಕಾಲು ಹಿಡಿಯುತ್ತೆ, ಇವತ್ತು ಆದ ಹಾಗೆ ಎದೆ ಹಿಡಿಯುತ್ತೆ. ನಿಮ್ಮಮ್ಮ ಇಲ್ಲದೇ ಹೋಗಿದ್ರೆ ನೀವು ಅಲ್ಲೇ ಮುಗಿದಿದ್ರಿ.”

ಸರಸಮ್ಮ ಕೇಳಿದಳು: “ಮತ್ತೆ... ನಮ್ಮತ್ತೇದು ಮೆತ್ತಗೆ ಅಂದಿದ್ರಲ್ಲ ಸಾರ್?”

“ಅದು ಭಾಗ್ಯ ಕಣಮ್ಮ! ಅಂಥ ನಾಳ ನನಗೂ ಇಲ್ಲ. ಅಂದಹಾಗೆ, ಅಜ್ಜಿ ಕಾಲು ಯಾಕೆ ಹೀಗೆ ಊದಿದೆ?”

“ಮೂರು ವಾರದಿಂದ ಮಂಚದ ಮೇಲಿಂದ ಇಳಿಸಿಲ್ಲ ಸಾರ್. ಗಟ್ಟಿಯಾಗಲಿ ಅಂತ.”

ಡಾಕ್ಟರು ಕುರ್ಚಿಯಿಂದ ಎದ್ದರು. ನಿಂತೇ ಇರಲಾಗದೆ ಮತ್ತೆ ಕೂತರು. ಕದಿರಯ್ಯ ಮಾತ್ರ ಆ ಗಂಭೀರ ಹೊತ್ತಿನಲ್ಲೂ ತನ್ನ ಮೊಣಕೈ ಮುಂದೊಡ್ಡಿದ. “ಸಾರ್, ನಂದೊಂಚೂರು...” ಡಾಕ್ಟರು ಒತ್ತಿ, “ಮೆತ್ತಗಿದೆ,” ಎಂದರು. ಕದಿರಯ್ಯ ಜಟಕಾದ ಕಡೆ ತಿರುಗಿಯೂ ನೋಡದೆ ಮನೆಗೆ ನಡೆದು ಹೋದ.

ಮೂಡಲಗಿರಿಯಪ್ಪ ತಾಯಿಯ ಊದಿದ ಪಾದಗಳನ್ನೇ ನೋಡುತ್ತಿದ್ದ. ಕಣ್ಣೀರು ಕಿವಿಯೊಳಗೆ ಇಳಿಯುತ್ತಿತ್ತು.

“ಹೆದರಬೇಡಿ,” ಎಂದರು ಡಾಕ್ಟರು, ಈಗ ಮೆಲ್ಲಗೆ. “ಗಟ್ಟಿಯಾದದ್ದು ಪೂರ್ತಿ ಮೊದಲಿನ ಹಾಗೆ ಆಗೋದಿಲ್ಲ. ಆದರೆ ಇನ್ನೂ ಕೆಡದ ಹಾಗೆ ನೋಡ್ಕೋಬಹುದು. ಮಾತ್ರೆ ಬಿಡಬಾರದು. ಮೊದಲು ಮನೆಯೊಳಗೆ, ಆಮೇಲೆ ಬೀದಿ, ನಾನು ಹೇಳಿದ ಮೇಲೆ ಏರು. ದಿನಾ ನಡೀಬೇಕು. ಇವರನ್ನ ದಿನಾ ನಡೆಸೋರು ಯಾರು?”

“ನಾನು,” ಎಂದಳು ಈರಕ್ಕ. “ಮೂವತ್ತೆಂಟು ಆಡು ನಡೆಸ್ತೀನಿ ಸ್ವಾಮಿ. ಇದೂ ಒಂದು ಸೇರ್ಲಿ ಬುಡಿ.”

ಎರಡು ತಿಂಗಳು ಅವಳು ಮಧುಗಿರಿಯಲ್ಲೇ ನಿಂತಳು. ಅಂಗಳದಿಂದ ಮೋರಿಯವರೆಗೆ, ಮೋರಿಯಿಂದ ಸಂಘದವರೆಗೆ ಮಗನನ್ನು ಹಿಂದಿನಿಂದ ‘ಹ್ಞೂಂ, ನಡಿ’ ಎನ್ನುತ್ತ ನಡೆಸಿದಳು. ಡಾಕ್ಟರು ಒಪ್ಪಿದ ದಿನ ಮೂಡಲಗಿರಿಯಪ್ಪ ಸಂಘದ ಕಾರ್ಯದರ್ಶಿಗೆ ರಜೆಯ ಅರ್ಜಿ ಕೊಟ್ಟ. ‘ರಕ್ತನಾಳದ ನಿಮಿತ್ತ, ತಾಯಿಯವರ ಮೇಲ್ವಿಚಾರಣೆಯಲ್ಲಿ ಆಡು ಕಾಯುವ ಸಲುವಾಗಿ ಒಂದು ತಿಂಗಳ ರಜೆ ದಯಪಾಲಿಸಬೇಕು’ ಎಂದಿತ್ತು. ಕಾರ್ಯದರ್ಶಿ ಎರಡು ಸಲ ಓದಿ ಅವನ ಮುಖ ನೋಡಿ, ಸಹಿ ಮಾಡಿದರು.

ನಿಡುಗಲ್ಲಿನ ಹಟ್ಟಿಯವರಿಗೆ ಇದು ಬಹಳ ದಿನದ ಬೆರಗಾಯಿತು. ಪ್ಯಾಂಟು ತೊಟ್ಟು ಬರುತ್ತಿದ್ದ ಹೆಡ್ ಗುಮಾಸ್ತ ಪಂಚೆ ಎತ್ತಿಕಟ್ಟಿ ಕೈಯಲ್ಲಿ ಕೋಲು ಹಿಡಿದಿದ್ದ. ಕೆಲಸ ಹೋಯಿತೆಂದು ಕೆಲವರು ಮರುಗಿದರು. ಮೊದಲ ವಾರ ಅವನು ತಪ್ಪಲಿನ ಬೇವಿನಮರ ದಾಟಲಿಲ್ಲ. ಎರಡನೆಯ ವಾರ ಬಂಡೆಯವರೆಗೆ ಹೋಗಿ ನಾಲ್ಕು ಕಡೆ ಕೂತು ಇಳಿದ. ಆಡುಗಳು ಅವನನ್ನು ಕಾಯುವುದನ್ನು ಕಲಿತವು.

ರಜೆ ಮುಗಿಯಲು ಎರಡು ದಿನ ಇರುವಾಗ ಈರಕ್ಕ ಎಂದಿನಂತೆ ಮುಂದೆ ಹೋಗಿ, ಏರಿನ ಮೇಲಿನ ಹಾಸುಬಂಡೆಯಲ್ಲಿ ಕೂತಿದ್ದಳು. ಮೂಡಲಗಿರಿಯಪ್ಪ ಕೆಳಗಿನಿಂದ ಹೊರಟ. ಮೆಲ್ಲಗೆ, ಒಂದೇ ಸಮನೆ ಹತ್ತಿದ. ಮೀನಖಂಡ ಹಿಡಿಯಲಿಲ್ಲ. ಎದೆ ನಗಾರಿಯಂತೆ ಬಡಿದರೂ ನೋಯಲಿಲ್ಲ. ಒಂದು ಕಡೆಯೂ ಕೂರದೆ ಬಂಡೆಯ ಮೇಲೆ ತಾಯಿಯ ಮುಂದೆ ಬಂದು ನಿಂತ. ಅವನಿಗೇ ನಂಬಿಕೆ ಬರಲಿಲ್ಲ. ಇಡೀ ಪಾವಗಡ ಸೀಮೆ ಕೆಳಗೆ ಬಿಸಿಲಲ್ಲಿ ಹರಡಿಕೊಂಡಿತ್ತು. ತಾಯಿ ಏನನ್ನುವಳೋ ಎಂದು ಅವಳ ಮುಖವನ್ನೇ ನೋಡಿದ.

ಈರಕ್ಕ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಕೈಯನ್ನು ಹಣೆಗೆ ಅಡ್ಡ ಹಿಡಿದು ಕೆಳಗೆ ನೋಡಿದಳು.

“ಬಂದ್ಯಾ? ಕೆಂಚ ಮರಿ ಬೇವಿನಮರದ ತಾವೇ ಉಳ್ಕಂಡದೆ. ಹೋಗಿ ಹೊಡ್ಕಂಬಾ.”

ಮೂಡಲಗಿರಿಯಪ್ಪ ಪಂಚೆಯನ್ನು ಇನ್ನೊಂದಿಷ್ಟು ಮೇಲೆ ಕಟ್ಟಿ, ಇಳಿಯತೊಡಗಿದ.